ಪಟ್ಟಾಯದಲ್ಲಿ ಇಂದ್ರೇಶಣ್ಣ ಬೀಗರನ್ನು ಎದುರುಗೊಂಡದ್ದು

ಸಿಡ್ನಿಯ ಟೂಂಗಾಬಿಯಲ್ಲಿ ಇಂದ್ರೇಶಣ್ಣನ ಕಾರು ಹತ್ತದ ಕನ್ನಡಿಗರನ್ನು ಹುಡುಕಬೇಕು. ಸಿಡ್ನಿಗೆ ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವುದು, ರೆಂಟ್‌ಗೆ ಮನೆ ಸಿಗುವ ತನಕ ಒಂದೊಂದೇ ಸಬರ್ಬ್ ಸುತ್ತಿಸುವುದು, ಊರಿನಿಂದ ಬಂದ ಯಾರದೋ ಅತ್ತೆ ಮಾವನಿಗೆ ಸಮುದ್ರ ತೋರಿಸಿಕೊಂಡು ಬರುವುದು, ಎಲ್ಲಕ್ಕೂ ಅವರೇ. ನಾನು, ಅಂದರೆ ಎರಡು ಮನೆ ಆಚೆಯ ಮಧುರಾ, ಈ ದೇಶದ ನೆಲ ಮುಟ್ಟಿದ ದಿನ ಕೂತದ್ದೂ ಅವರ ಕಾರಿನಲ್ಲೇ. ಮೈಸೂರು ಬಿಟ್ಟು ಬಂದ ದುಃಖಕ್ಕೆ ನಾನು ಗೊಳೋ ಎಂದು ಅಳುತ್ತಿದ್ದರೆ ಈ ಮನುಷ್ಯ ಮನೆ ಮುಟ್ಟುವವರೆಗೆ ಎಲ್ಲಿ ಪಾರ್ಕ್ ಮಾಡಿದರೆ ದಂಡ ಬೀಳುತ್ತದೆ ಎಂಬುದನ್ನೇ ವಿವರಿಸಿದರು. ನನ್ನ ಅಳು ತಾನಾಗಿ ನಿಂತುಹೋಯಿತು.

ರಾಣೆಬೆನ್ನೂರಿನವರು. ಓದಲು ಬಂದು, ಅಲ್ಲೇ ನೆಲೆಸಲು ಪಿಆರ್ ಮಾಡಿಕೊಂಡು, ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಐಟಿ ಸಪೋರ್ಟ್ ಕೆಲಸಕ್ಕೆ ಸೇರಿ ಅಲ್ಲೇ ಬೇರು ಬಿಟ್ಟವರು. ಆಫೀಸಿನಲ್ಲಿ ಅವರಿಗೆ ಏನು ಹುದ್ದೆಯಿತ್ತೋ ನಮಗೆ ಗೊತ್ತಿಲ್ಲ, ನಮಗೆ ಅವರು ಸ್ಟಿಯರಿಂಗ್ ಹಿಡಿದ ಎರಡು ಕೈ. ಪೆಟ್ರೋಲಿಗೆಂದು ಯಾರಾದರೂ ಪರ್ಸು ತೆಗೆದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇಷ್ಟೆಲ್ಲ ಒಳ್ಳೆಯವರಿಗೆ ಒಂದೇ ಒಂದು ಕೊಂಕು. ಬೇರೆಯವರ ಕಾರಿನಲ್ಲಿ ಅವರು ಕೂರುತ್ತಿರಲಿಲ್ಲ. ಲಿಫ್ಟ್ ಕೊಡಬೇಕು, ಕೇಳಬಾರದು. ಇದು ಅವರ ಮನೆದೇವರ ಆಣೆಯಷ್ಟು ಗಟ್ಟಿ.

ಹೀಗಿರುವಾಗ ಕಣ್ಣು ಕೈಕೊಟ್ಟಿತು. ಗ್ಲಾಕೋಮಾ. ಎದುರಿಗಿದ್ದದ್ದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಕತ್ತಲಾದರೆ ಎದುರಿನದೂ ಅಷ್ಟಕ್ಕಷ್ಟೇ. ಡಾಕ್ಟರು ಇನ್ನು ಡ್ರೈವಿಂಗ್ ಬೇಡ ಎಂದರು. ಅವರ ಹೆಂಡತಿ ನೀಲಾಂಬಿಕಾ, ನಮ್ಮ ನೀಲಕ್ಕ, ನನ್ನ ಅಡುಗೆಮನೆಯಲ್ಲಿ ನಿಂತು ಇದನ್ನು ಹೇಳಿ ಕಣ್ಣೊರೆಸಿಕೊಂಡರು, ಯಾರಿಗೂ ಹೇಳಬೇಡ ಎಂದು ಕೈಮೇಲೆ ಕೈ ಹಾಕಿಸಿಕೊಂಡರು. ಇಂದ್ರೇಶಣ್ಣ ಮಾತ್ರ ಊರಿಗೆಲ್ಲ ಬೇರೆಯೇ ಕಥೆ ಹೇಳಿದರು. ಪರಿಸರದ ಸಲುವಾಗಿ ಕಾರು ಬಿಟ್ಟೆ, ಭೂಮಿ ಕಾದು ಕೆಂಡವಾಗುತ್ತಿದೆ, ನಾವೇ ಶುರು ಮಾಡಬೇಕು ಎಂದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗೆ. ಹಗಲು ನಡೆದುಕೊಂಡು ಟ್ರೇನ್ ಸ್ಟೇಷನ್ನಿಗೆ ಹೋಗಿ ಬರುವುದು, ಸಂಜೆಯಾದರೆ ಬಾಗಿಲು ಹಾಕಿಕೊಳ್ಳುವುದು. ಯುಗಾದಿ ಕಾರ್ಯಕ್ರಮಕ್ಕೂ ಬರಲಿಲ್ಲ. ನೀಲಕ್ಕ ಹೋಳಿಗೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಒಬ್ಬರೇ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬಂದರು. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ಸಬರ್ಬನ್ನು ಹೊತ್ತು ತಿರುಗಿದವರು, ಒಂದು ಸಲ ನಮ್ಮ ಕಾರಿನಲ್ಲಿ ಕೂತರೆ ಕಿರೀಟ ಬಿದ್ದುಹೋಗುತ್ತದೆಯೇ?

ಅವರ ಮಗಳು ನಿಹಾರಿಕಾ ಮೆಲ್ಬರ್ನಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ವೆರಿಬೀಯ ಕೌಶಿಕ್ ಎಂಬ ಹುಡುಗನನ್ನು ಮೆಚ್ಚಿದಳು. ಹುಡುಗನ ಅಪ್ಪ ಬಸವಣ್ಣೆಪ್ಪನವರು ಬೈಲಹೊಂಗಲ ಕಡೆಯವರು. ವೆರಿಬೀಯಲ್ಲಿ ಎಷ್ಟು ವರ್ಷವಿದ್ದರೂ ಅವರ ಮಾತಾಗಲಿ ಮೀಸೆಯಾಗಲಿ ಬೈಲಹೊಂಗಲ ಬಿಟ್ಟು ಒಂದು ಹೆಜ್ಜೆ ಈಚೆ ಬಂದಿಲ್ಲ. ಸಂಬಂಧದ ಮಾತಿಗೆಂದು ಇಂದ್ರೇಶಣ್ಣ ಮತ್ತು ನೀಲಕ್ಕ ಅಲ್ಲಿಗೆ ಹೋದಾಗ ಅವರು, "ಕಾರ್ ಯಾಕ ಬಿಟ್ರಿ ಬೀಗರ?" ಎಂದು ಕೇಳಿದರಂತೆ. ಇವರು ಪರಿಸರದ ಭಾಷಣ ಬಿಗಿದರು. ಬಸವಣ್ಣೆಪ್ಪನವರು ಕೇಳುತ್ತಾ ಕೇಳುತ್ತಾ ಕರಗಿಹೋದರು. ಮರುವಾರವೇ ಮನೆಯಲ್ಲಿದ್ದ ಎರಡು ಕಾರುಗಳಲ್ಲಿ ಒಂದನ್ನು ಮಾರಿದರು. ವೆರಿಬೀಯ ಪಾರ್ಕಿನಲ್ಲಿ ಸಿಕ್ಕಸಿಕ್ಕವರಿಗೆ, "ನಮ್ಮ ಬೀಗರು ಭಾಳ ದೊಡ್ಡ ಮನಷ್ಯಾರು" ಎಂದು ಹೇಳಿಕೊಂಡು ಓಡಾಡಿದರು.

ಇದನ್ನು ಕೇಳಿ ನೀಲಕ್ಕ ತಲೆಮೇಲೆ ಕೈಹೊತ್ತು ಕೂತರು. ನಿಹಾರಿಕಾ ಅಪ್ಪನೊಂದಿಗೆ ಜಗಳವಾಡಿದಳು. ಕೌಶಿಕ್‌ಗೆ ನಿಜ ಗೊತ್ತಿತ್ತು, ಅವನ ಬಾಯಿ ಅವಳೇ ಕಟ್ಟಿಹಾಕಿದ್ದಳು, ಯಾಕೆಂದರೆ ಅಪ್ಪನೇ ಹೇಳಬೇಕು ಎಂಬುದು ಅವಳ ಹಟ. ಅಪ್ಪ ಇವತ್ತು ನಾಳೆ ಎನ್ನುತ್ತಾ ಮದುವೆಯ ಹಿಂದಿನ ದಿನದವರೆಗೆ ತಳ್ಳಿಕೊಂಡು ಬಂದರು.

ಮದುವೆ ಪಟ್ಟಾಯದಲ್ಲಿ. ಅರ್ಧ ನೆಂಟರು ಕರ್ನಾಟಕದಲ್ಲಿ, ಅರ್ಧ ನೆಂಟರು ಆಸ್ಟ್ರೇಲಿಯಾದಲ್ಲಿ, ನಡುವೆ ಥಾಯ್ಲೆಂಡು. ಈಗ ನಮ್ಮವರಲ್ಲಿ ಇದೇ ರೂಢಿಯಾಗಿದೆ. ಸಮುದ್ರದ ಹತ್ತಿರದ ಹೋಟೆಲು, ಹೂವಿನ ಮಂಟಪ, ಊರಿನಿಂದ ಕರೆಸಿದ ಅಡುಗೆಯವರು, ಮದುವೆ ಮಾಡಿಸುವ ಅಯ್ನೋರು, ಎಲ್ಲ ಅಚ್ಚುಕಟ್ಟು. ಹಿಂದಿನ ದಿನ ಮಧ್ಯಾಹ್ನ ನಿಹಾರಿಕಾ ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡು ಕೂತಿದ್ದಳು, ಪಕ್ಕದಲ್ಲಿ ನಾನು. ಅಪ್ಪ ಒಳಗೆ ಬಂದದ್ದೇ ಕೇಳಿದಳು.

"ಅಪ್ಪಾ, ಡಿಡ್ ಯೂ ಟೆಲ್ ದೆಮ್?"

"ಹೇಳ್ತೀನವ್ವಾ. ಮದುವೆ ಒಂದು ಮುಗೀಲಿ."

"ನೋ. ಟುನೈಟ್. ನೀವು ಹೇಳ್ದಿದ್ರೆ ನಾಳೆ ಬೆಳಿಗ್ಗೆ ಐ ವಿಲ್. ಮಂಟಪದಲ್ಲೇ ಹೇಳ್ತೀನಿ. ಸುಳ್ಳು ಇಟ್ಕೊಂಡು ನಾನು ಆ ಮನೆಗೆ ಹೋಗಲ್ಲ."

ಅವಳು ಕನ್ನಡದಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇಂದ್ರೇಶಣ್ಣ ಹೊರಗೆ ಬಂದು ಕಾರಿಡಾರಿನ ಕುರ್ಚಿಯಲ್ಲಿ ಕುಸಿದು ಕೂತರು. "ಕುರುಡ ಬೀಗ ಅಂತಾರ ಮಧುರಾ. ನಾಳೆ ಮಗಳ ಮನ್ಯಾಗ ಬಂದು ಕುಂದ್ರತಾನ ಇವ, ಅಂತಾರ. ಇಷ್ಟು ದಿನ ನನ್ನ ದೊಡ್ಡ ಮನಷ್ಯಾ ಅಂದೋರು, ಅದೇ ಬಾಯಿಂದ ಅಯ್ಯೋ ಪಾಪ ಅಂತಾರ. ಅದನ್ನ ಹೆಂಗ ಕೇಳಲಿ?" ಎಂದರು. ನನಗೆ ಬೈಯಬೇಕೆಂದಿತ್ತು. ಆ ಮುಖ ನೋಡಿ ಒಂದು ಲೋಟ ನೀರು ತಂದುಕೊಟ್ಟೆ.

ಸಂಜೆ ದೀಪ ಹತ್ತುವ ಹೊತ್ತಿಗೆ ಬಸವಣ್ಣೆಪ್ಪನವರ ಫೋನು ಬಂತು. "ಬೀಗರ, ನಾವು ತಯಾರಾಗಿ ಕುಂತೀವಿ. ಎದುರುಗೊಳ್ಳಾಕ ಎಷ್ಟೊತ್ತಿಗೆ ಬರ್ತೀರಿ?"

ಇಲ್ಲಿ ಆದ ಎಡವಟ್ಟು ನಮ್ಮವರಿಂದ ಮಾತ್ರ ಆಗುವಂಥದ್ದು. ಗಂಡಿನ ಕಡೆಯವರು ಮದುವೆಯ ಊರಿಗೆ ಬಂದರೆ ಹೆಣ್ಣಿನ ಅಪ್ಪ ಎದುರು ಹೋಗಿ, ಕಾಯಿ ಎಲೆಅಡಿಕೆ ಕೊಟ್ಟು, ತಲೆಗೆ ರುಮಾಲು ಸುತ್ತಿ, ತಾನೇ ಮುಂದೆ ನಡೆದು ಅವರನ್ನು ಕರೆತರಬೇಕು. ಒಂದೇ ಹೋಟೆಲಿನಲ್ಲಿದ್ದರೆ ಎದುರುಗೊಳ್ಳುವುದು ಎಲ್ಲಿಂದ ಎಲ್ಲಿಗೆ, ಲಿಫ್ಟಿನಿಂದ ಮದುವೆ ಹಾಲಿಗೇ? ಎಂದು ಬಸವಣ್ಣೆಪ್ಪನವರು ಬೇಕೆಂದೇ ಊರಿನ ಇನ್ನೊಂದು ತುದಿಯಲ್ಲಿ, ಜೊಮ್‌ತಿಯೆನ್ ಬೀಚಿನ ಕಡೆ, ಇಳಿದುಕೊಂಡಿದ್ದರು. ಮದುವೆ ಏರ್ಪಾಟಿನವಳು ವ್ಯಾನು ಬೇಕೇ ಎಂದು ಕೇಳಿದಾಗ, ಬೀಗರೇ ಬಂದು ಕರೆದೊಯ್ಯುತ್ತಾರೆ, ಬೇಡ ಎಂದು ಅವರು. ಅವರ ವ್ಯವಸ್ಥೆ ಅವರು ಮಾಡಿಕೊಂಡಿರುತ್ತಾರೆ, ಬೇಡ ಎಂದು ನಾವು. ಈಗ ಅಲ್ಲಿ ಒಂದು ದಿಬ್ಬಣವೇ ರೇಷ್ಮೆ ಉಟ್ಟು ಕಾಯುತ್ತಿದೆ, ಇಲ್ಲಿ ಒಂದು ಗಾಡಿಯೂ ಇಲ್ಲ.

ಶನಿವಾರದ ಸಂಜೆ. ಬೀಚಿನಲ್ಲಿ ಏನೋ ಪಟಾಕಿ ಹಬ್ಬವಂತೆ, ರಸ್ತೆ ತುಂಬ ಜನ. ಫೋನಿನ ಆ್ಯಪಿನಲ್ಲಿ ಕಾರಿನ ಚಿತ್ರ ಗಿರಗಿರ ತಿರುಗುತ್ತಿತ್ತೇ ಹೊರತು ಕಾರು ಬರಲಿಲ್ಲ. ನಾವು ಹೋಗಿ ಬರುತ್ತೇವೆ ಎಂದು ಗಂಡಸರು ಎದ್ದರು. ಹೆಣ್ಣಿನ ಅಪ್ಪ ಬಿಟ್ಟು ಬೇರೆಯವರು ಹೋದರೆ ಬೀಗರ ಮರ್ಯಾದೆಗೆ ಕುಂದು ಎಂದು ನೀಲಕ್ಕ ತಡೆದರು. ಮಗಳ ಹತ್ತಿರ ತಾನಿರಬೇಕು, ಕಣ್ಣಿನ ಗುಟ್ಟು ಗೊತ್ತಿದ್ದ ಹೊರಗಿನವಳು ನಾನೊಬ್ಬಳೇ, ಹಾಗಾಗಿ ಗಂಡನ ಕಣ್ಣಾಗಿ ಹೋಗಲು ನನ್ನನ್ನು ಗೊತ್ತುಮಾಡಿದರು. ತೆಂಗಿನಕಾಯಿ ಮತ್ತು ರುಮಾಲಿನ ಚೀಲ ನನ್ನ ಹೆಗಲಿಗೆ, ಇಂದ್ರೇಶಣ್ಣ ನನ್ನ ಬಲಕ್ಕೆ.

ರಸ್ತೆಯಲ್ಲಿ ನೀಲಿ ಬಣ್ಣದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಮುಂದೆ ಪಿಕಪ್, ಹಿಂದೆ ಎದುರುಬದುರು ಎರಡು ಬೆಂಚು, ಮೇಲೆ ತಗಡಿನ ಮಾಡು. ಸೋಂಗ್‌ತೇವ್ ಎನ್ನುತ್ತಾರೆ ಅಲ್ಲಿ. ಇಂದ್ರೇಶಣ್ಣ ಒಂದಕ್ಕೆ ಕೈ ಅಡ್ಡ ಹಾಕಿ, ಬೆಂಗಳೂರಿನ ಆಟೋದವನನ್ನು ಕೇಳುವಂತೆ, "ಜೊಮ್‌ತಿಯೆನ್? ಹೌ ಮಚ್?" ಎಂದರು. ಡ್ರೈವರ್ ಹೇಳಿದ ರೇಟಿಗೆ ನನ್ನ ಕಿವಿಯ ಓಲೆ ಅಲ್ಲಾಡಿತು. ಇನ್ನೊಂದನ್ನು ನಿಲ್ಲಿಸಿ ಕೇಳಿದರು, ಅವನು ಇನ್ನೂ ಮೇಲೆ ಹೋದ. ಕೇಳಿದವನಿಗೆ ಇಡೀ ಗಾಡಿಯ ಬಾಡಿಗೆ, ಕೇಳದೆ ಹತ್ತಿದವನಿಗೆ ಚಿಲ್ಲರೆ ಕಾಸು, ಇದು ಆ ಊರಿನ ಲೆಕ್ಕ ಎಂದು ಆಮೇಲೆ ತಿಳಿಯಿತು. ಪಕ್ಕದಲ್ಲಿ ಮಾವಿನಹಣ್ಣು ಕತ್ತರಿಸಿ ಮಾರುತ್ತಿದ್ದ ಹೆಂಗಸು ನಮ್ಮ ಪಾಡು ನೋಡಿ ನಕ್ಕಳು. ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ ಗಾಡಿ ತೋರಿಸಿ, ಹತ್ತಿ ಎಂದು ಕೈ ಮಾಡಿದಳು. ಮಾವು ಮೆತ್ತಿದ ಬೆರಳಿನಿಂದ ಗಾಳಿಯಲ್ಲೇ ಒಂದು ಗುಂಡಿ ಒತ್ತಿ, ಇಳಿಯಿರಿ ಎಂದಳು. ಭಾಷೆಯೇ ಬೇಡವಾಯಿತು.

ಮುಂದಿನ ಗಾಡಿ ನಿಧಾನವಾದದ್ದೇ ನಾವು ತುಟಿ ಬಿಚ್ಚದೆ ಹತ್ತಿ ಕೂತೆವು. ನನ್ನ ಸೀರೆಯ ನೆರಿಗೆ ಅರ್ಧ ಹೊರಗೇ ಇತ್ತು. ಒಳಗೆ ಹೋಟೆಲ್ ಕೆಲಸ ಮುಗಿಸಿ ಹೊರಟ ಹುಡುಗಿಯರು, ಸೊಪ್ಪಿನ ಬುಟ್ಟಿಯ ಒಬ್ಬ ಅಜ್ಜಿ, ಬಿಸಿಲಿಗೆ ಕೆಂಪಾದ ಒಬ್ಬ ಬಿಳಿಯ. ಯಾರೂ ಯಾರನ್ನೂ ಎಲ್ಲಿಗೆ ಎಂದು ಕೇಳಲಿಲ್ಲ. ಬೇಕಾದವರು ಮಾಡಿನ ಗುಂಡಿ ಒತ್ತುತ್ತಾರೆ, ಟಿಂಗ್ ಎನ್ನುತ್ತದೆ, ಇಳಿದು ಮುಂದೆ ಹೋಗಿ ಡ್ರೈವರ್ ಕೈಗೆ ಕಾಸು ಕೊಟ್ಟು ನಡೆಯುತ್ತಾರೆ. ಇಂದ್ರೇಶಣ್ಣ ಇದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಸಮುದ್ರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅಂಗಡಿಗಳ ಬಣ್ಣದ ದೀಪಗಳು ಒಂದಾದ ಮೇಲೊಂದು ಹಿಂದಕ್ಕೆ ಓಡುತ್ತಿದ್ದವು.

"ಮಧುರಾ," ಎಂದರು, "ಇಲ್ಲಿ ಯಾರನ್ನೂ ಏನೂ ಕೇಳೋ ಹಂಗೇ ಇಲ್ಲ ನೋಡ್ರಿ!"

ಕಣ್ಣಿಗೆ ಹೀಗಾದ ಮೇಲೆ ಕತ್ತಲಲ್ಲಿ ಅವರು ಹೊರಗೆ ಬಂದದ್ದೇ ಇದು ಮೊದಲು. ಆ ಮುಖದಲ್ಲಿ ಹಳೆಯ ಕಳೆ ಕಂಡು ನನಗೂ ಖುಷಿಯಾಯಿತು. ಗುಂಡಿ ಒತ್ತುವ ಆಸೆ ತಡೆಯಲಾರದೆ ಅವರು ಬೇಗನೇ ಒತ್ತಿಬಿಟ್ಟರು. ಗಾಡಿ ನಿಂತಿತು, ಮರ್ಯಾದೆಗಾಗಿ ಇಳಿದೆವು, ಒಂದಿಷ್ಟು ದೂರ ನಡೆದು ಇನ್ನೊಂದನ್ನು ಹತ್ತಿದೆವು. ದಕ್ಷಿಣದ ಮೂಲೆಯಲ್ಲಿ ಜೊಮ್‌ತಿಯೆನ್‌ಗೆ ಹೋಗುವ ಗಾಡಿ ಬದಲಿಸಬೇಕಿತ್ತು. ಅಲ್ಲಿ ಇಳಿಯುವಾಗ ಹಿಂದಿನ ಮೆಟ್ಟಿಲು ಅವರಿಗೆ ಕಾಣಲಿಲ್ಲ. ನಾನು ತೋಳು ಹಿಡಿಯದಿದ್ದರೆ ರಸ್ತೆಗೇ ಬೀಳುತ್ತಿದ್ದರು. ಹಿಡಿದ ತೋಳು ಬಿಡದೆ ಅವರನ್ನು ರಸ್ತೆಯ ಅಂಚಿಗೆ ಕರೆತಂದೆ.

"ಅಲ್ಲಿಗೆ ಹೋದ ತಕ್ಷಣ ಹೇಳಿಬಿಡಿ ಇಂದ್ರೇಶಣ್ಣ," ಎಂದೆ.

"ಹೇಳ್ತೀನಿ."

"ಹೇಳ್ತೀರಾ, ಹೇಳ್ತೀನಿ ಅಂತೀರಾ?"

ಅವರು ಮುಂದಿನ ಗಾಡಿಗೆ ಕೈ ಎತ್ತಿದರು.

ಜೊಮ್‌ತಿಯೆನ್‌ನ ಹೋಟೆಲಿನ ಮುಂದೆ ಇಡೀ ದಿಬ್ಬಣ ನಿಂತಿತ್ತು. ಮಧ್ಯದಲ್ಲಿ ಬಿಳಿ ಧೋತರ, ಬಿಳಿ ಅಂಗಿ, ಮೀಸೆಗೆ ಎಣ್ಣೆ ಹಚ್ಚಿದ ಬಸವಣ್ಣೆಪ್ಪನವರು. ನಾವು ಸೋಂಗ್‌ತೇವ್‌ನಿಂದ ಇಳಿಯುವುದನ್ನು ನೋಡಿ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಮುಖ ಅರಳಿತು.

"ನೋಡ್ರಪಾ!" ಎಂದು ತಮ್ಮವರ ಕಡೆ ತಿರುಗಿದರು. "ಮಗಳ ಮದುವ್ಯಾಗೂ ಕಾರು ಹತ್ತಲಿಲ್ಲ ಈ ಮನಷ್ಯಾ! ಟಂಟಂ ಆಟೋದಾಗ ಬಂದಾನ! ತತ್ವ ಅಂದ್ರ ಇದು!"

ದಿಬ್ಬಣದವರು ಚಪ್ಪಾಳೆ ತಟ್ಟಿದರು. ಇಂದ್ರೇಶಣ್ಣ ಬಾಯಿ ತೆರೆದಿದ್ದರು, ನಾನು ನೋಡಿದೆ, ಮಾತು ನಾಲಿಗೆಯ ತುದಿಗೇ ಬಂದಿತ್ತು. ಚಪ್ಪಾಳೆ ಕೇಳಿ ಬಾಯಿ ಮುಚ್ಚಿದರು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೈಗೆ ತೆಂಗಿನಕಾಯಿ ಕೊಟ್ಟೆ, ಬೀಗರಿಗೆ ಕೊಟ್ಟರು. ರುಮಾಲು ಕೊಟ್ಟೆ, ಸುತ್ತಿದರು. ಎದುರಿಗೆ ನಿಂತದ್ದು ಕಾಣುತ್ತದಲ್ಲ, ಸುತ್ತುವುದು ಸೊಗಸಾಗಿಯೇ ಆಯಿತು.

ಇಷ್ಟು ಜನಕ್ಕೆ ಕೇಳದೆ ಹತ್ತುವುದು ಸಾಗದು. ಮೂರು ಸೋಂಗ್‌ತೇವ್‌ಗಳನ್ನು ಪೂರಾ ಗೊತ್ತು ಮಾಡಿದೆವು, ಚೌಕಾಸಿ ಮಾಡಿದ್ದು ನಾನು. ಮೊದಲನೆಯದರಲ್ಲಿ ಇಬ್ಬರು ಬೀಗರು ಮತ್ತು ಹಿರಿಯರು, ಎರಡನೆಯದರಲ್ಲಿ ಮದುಮಗ ಮತ್ತು ಅವನ ಗೆಳೆಯರು, ಕೊನೆಯದರಲ್ಲಿ ಹೆಂಗಸರ ಜೊತೆ ನಾನು. ಅಂಥ ದಿಬ್ಬಣ ನಾನು ಹಿಂದೆ ನೋಡಿಲ್ಲ. ಕೌಶಿಕ್ ಪೇಟ ಕಟ್ಟಿಕೊಂಡು ಹಿಂದಿನ ಮೆಟ್ಟಿಲ ಮೇಲೆ ನಿಂತು ರಾಜನಂತೆ ಕೈ ಬೀಸುತ್ತಿದ್ದ. ಯಾರದೋ ಸ್ಪೀಕರಿನಿಂದ ವಾಲಗದ ಸದ್ದು. ಫುಟ್‌ಪಾತಿನ ಪ್ರವಾಸಿಗಳು ನಿಂತು ಕುಣಿದರು, ಬಾರ್‌ಗಳಿಂದ ಜನ ಹೊರಗೆ ಬಂದು ಕೇಕೆ ಹಾಕಿದರು. ನಮ್ಮ ಗಾಡಿಯಲ್ಲಿದ್ದ ಕೌಶಿಕ್‌ನ ಸೋದರತ್ತೆಗೆ ಮಾಡಿನ ಗುಂಡಿ ಬಹಳ ಹಿಡಿಸಿಬಿಟ್ಟಿತು. ಒತ್ತಿದಾಗೆಲ್ಲ ಡ್ರೈವರ್ ನಿಲ್ಲಿಸುವುದು, ಯಾರೂ ಇಳಿಯದೆ ಎಲ್ಲರೂ ನಗುವುದು, ಅವನು ತಲೆ ಚಚ್ಚಿಕೊಂಡು ಮತ್ತೆ ಹೊರಡುವುದು. ಹೀಗಾಗಿ ನಾವು ಹಿಂದೆ ಬಿದ್ದೆವು.

ನಮ್ಮ ಗಾಡಿ ಮುಟ್ಟುವ ಹೊತ್ತಿಗೆ ಮುಂದಿನ ಎರಡು ಖಾಲಿಯಾಗಿದ್ದವು. ಹೋಟೆಲು ರಸ್ತೆಯ ಆಚೆ ಬದಿಗೆ. ಅಲ್ಲಿ ನಮ್ಮವರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಈಚೆ ಬದಿಯಲ್ಲಿ ದಿಬ್ಬಣ. ದಿಬ್ಬಣದ ಮುಂದೆ ಇಂದ್ರೇಶಣ್ಣ ಒಬ್ಬರೇ, ರಸ್ತೆಯ ಅಂಚಿನಲ್ಲಿ. ನಡುವೆ ಸ್ಕೂಟರುಗಳು ಎರಡೂ ಕಡೆಯಿಂದ ಸುಯ್ಯನೆ ಬರುತ್ತಿದ್ದವು. ಅವರಿಗೆ ಅವು ಕಾಣುತ್ತಿಲ್ಲ ಎಂಬುದು ಈಚೆ ಬದಿಯಲ್ಲಿ ನನ್ನನ್ನೂ ಕೌಶಿಕ್‌ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಕೌಶಿಕ್ ಗೆಳೆಯರ ನಡುವೆ ಹಿಂದೆ ಸಿಕ್ಕಿಕೊಂಡಿದ್ದ.

"ನಡೀರಿ ಬೀಗರ," ಎಂದು ಬಸವಣ್ಣೆಪ್ಪನವರು ಹಿಂದಿನಿಂದ ಹುರಿದುಂಬಿಸಿದರು. "ಮುಂದ ನೀವು, ಹಿಂದ ನಾವು. ಕರಕೊಂಡು ಹೋಗ್ರಿ."

ಇಂದ್ರೇಶಣ್ಣ ಒಂದು ಹೆಜ್ಜೆ ಇಟ್ಟರು. ಬಲಗಡೆಯಿಂದ ಒಂದು ಸ್ಕೂಟರು ಹಾರ್ನ್ ಹೊಡೆದು ಅವರ ಅಂಗಿ ಸವರಿಕೊಂಡು ಹೋಯಿತು. ತಟ್ಟನೆ ಹಿಂದೆ ಬಂದರು. ನಾನು ಬೆಂಚಿನಿಂದ ಎದ್ದೆ, ಸೆರಗು ಸೋದರತ್ತೆಯ ಕೆಳಗೆ ಸಿಕ್ಕಿಕೊಂಡಿತ್ತು, ಎಳೆದರೆ ಬರಲಿಲ್ಲ. ವಾಲಗ ನಡೆದೇ ಇತ್ತು. ಇಂದ್ರೇಶಣ್ಣ ಇನ್ನೊಂದು ಹೆಜ್ಜೆ ಇಡಲು ಕಾಲೆತ್ತಿ, ಇಡದೆ, ಹಿಂತಿರುಗಿ ನಿಂತರು.

"ಬೀಗರ," ಎಂದರು. ದನಿ ದೊಡ್ಡದಾಗಿಯೇ ಇತ್ತು, ಎಲ್ಲರಿಗೂ ಕೇಳಿಸಿತು. "ನನಗ ಆಜೂಬಾಜೂ ಕಾಣಂಗಿಲ್ಲ. ಕಣ್ಣು ಹೋಗ್ಯಾವ. ಕಾರು ಬಿಟ್ಟಿದ್ದು ಅದಕ್ಕ, ಪರಿಸರ ಗಿರಿಸರ ಏನೂ ಇಲ್ಲ. ಸುಳ್ಳು ಹೇಳಿದೆ. ಒಂಚೂರು ರಸ್ತೆ ದಾಟಸ್ತೀರೇನು?"

ಯಾರೋ ವಾಲಗ ನಿಲ್ಲಿಸಿದರು. ಬಸವಣ್ಣೆಪ್ಪನವರು ಬೀಗರನ್ನೇ ದಿಟ್ಟಿಸಿದರು. ಮೀಸೆ ಒಂದು ಸಲ ಅಲುಗಿತು.

"ಹಂಗಾದ್ರ," ಎಂದರು, "ನಾ ಯಾಕ ಮಾರಿದೆ ಕಾರು?"

ಮೊದಲು ನಕ್ಕದ್ದು ಕೌಶಿಕ್. ಆಮೇಲೆ ದಿಬ್ಬಣವೇ ನಕ್ಕಿತು. ನಗು ನಿಲ್ಲುವ ಮೊದಲೇ ಬಸವಣ್ಣೆಪ್ಪನವರು ಇಂದ್ರೇಶಣ್ಣನ ಕೈಯನ್ನು ತಮ್ಮ ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡರು. "ಏ, ನಿಲ್ಲಸ್ರೋ ಗಾಡಿ!" ಎಂದು ಥಾಯ್ಲೆಂಡಿನ ಸ್ಕೂಟರುಗಳಿಗೆ ಬೈಲಹೊಂಗಲದ ಕನ್ನಡದಲ್ಲಿ ಗದರಿಸಿ ರಸ್ತೆಗಿಳಿದರು. ಸ್ಕೂಟರುಗಳು ನಿಂತವು, ನಿಲ್ಲದೆ ಏನು ಮಾಡುತ್ತವೆ? "ಇಷ್ಟ ದಿನ ಊರ ಮಂದೀನೆಲ್ಲ ನೀವು ಹೊತ್ತು ತಿರಗೀರಿ ಅಂತ ಕೇಳೀನಿ. ಒಂದು ರಸ್ತೆ ದಾಟಸಾಕ ನನಗೇನು ಬ್ಯಾನಿ?" ಎನ್ನುತ್ತಿದ್ದದ್ದು ಸೆರಗು ಬಿಡಿಸಿಕೊಂಡು ಹಿಂದೆ ಓಡಿಬಂದ ನನ್ನ ಕಿವಿಗೂ ಬಿತ್ತು. ಆಚೆ ಬದಿಯವರಿಗೆ ಇದೇನೂ ತಿಳಿಯದು. ಬೀಗರಿಬ್ಬರು ಕೈಕೈ ಹಿಡಿದು ಬರುವುದನ್ನು ನೋಡಿ, ಎಂಥ ಹೊಂದಾಣಿಕೆ ಎಂದು ಆರತಿ ಎತ್ತಿದರು.

ಮದುಮಗಳು ಹೊರಗೆ ಬರುವ ಹಾಗಿರಲಿಲ್ಲ. ನಿಹಾರಿಕಾ ಅದನ್ನೆಲ್ಲ ಕೇಳುವವಳೇ? ಮೆಹಂದಿಯ ಕೈ ಎರಡನ್ನೂ ಮೇಲೆತ್ತಿಕೊಂಡು ಮೆಟ್ಟಿಲಿಳಿದು ಬಂದಿದ್ದಳು. ಅಪ್ಪ ಇನ್ನೊಬ್ಬರ ತೋಳು ಹಿಡಿದು ಬರುವುದನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಹಚ್ಚಿದ ಕಾಡಿಗೆಯೆಲ್ಲ ಕೆನ್ನೆಗಿಳಿಯಿತು, ಒರೆಸಲು ಕೈಯಿಲ್ಲ. ಹಾಗೇ ಅಪ್ಪನ ಎಡಪಕ್ಕದಲ್ಲಿ, ಒಂದೇ ಮೊಳ ದೂರದಲ್ಲಿ, ಬಂದು ನಿಂತಳು.

ಇಂದ್ರೇಶಣ್ಣ ನೇರ ಎದುರಿಗೆ ನೋಡುತ್ತಿದ್ದರು. ಎದುರಿಗೆ ಆರತಿಯ ದೀಪಗಳಷ್ಟೇ ಇದ್ದವು.

"ಬೀಗರ, ನಿಹಾರಿಕಾ ಎಲ್ಲಿ ಅದಾಳ?" ಎಂದು ಕೇಳಿದರು.

ಬಸವಣ್ಣೆಪ್ಪನವರು ಅವರ ಎರಡೂ ಭುಜ ಹಿಡಿದು, ಮೆಲ್ಲಗೆ ಎಡಕ್ಕೆ ತಿರುಗಿಸಿದರು.